ಖಾಲಿ ಬಿಡಬೇಕಾದ ಅಂಕಣ: ಬ್ರಿಟಿಷ್ ವಂಶಾವಳಿ ಮತ್ತು ಗಣಕ ತಂತ್ರಾಂಶ

ವಂಶಾವಳಿಯ ತಂತ್ರಾಂಶವೊಂದನ್ನು ತೆರೆದವರಿಗೆ ಮೊದಲು ಕಾಣುವುದು ಕೆಲವು ಅಂಕಣಗಳು: ಹುಟ್ಟಿದ ದಿನ, ಹುಟ್ಟಿದ ಊರು, ಮದುವೆ, ಮರಣ, ತಂದೆ, ತಾಯಿ. ಇವನ್ನು ತುಂಬಿಬಿಟ್ಟರೆ ಸಂಶೋಧನೆ ಮುಗಿಯಿತೆಂದೇ ತೋರುತ್ತದೆ. ಆದರೆ ಬ್ರಿಟನ್ನಿನ ಹಳೆಯ ದಾಖಲೆಗಳು ಈ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದವಲ್ಲ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿಯೊಂದು ಪ್ಯಾರಿಷ್ ದಾಖಲೆ ಪುಸ್ತಕ ಇಡಬೇಕೆಂದು ಆಜ್ಞಾಪಿಸಿದಾಗ, ಅದರಲ್ಲಿ ಬರೆಯಬೇಕಾಗಿದ್ದುದು ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರ. ಜನನ, ಮರಣಗಳ ಸರ್ಕಾರಿ ನೋಂದಣಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1837ರ ಜುಲೈ 1ರಂದು, ಸ್ಕಾಟ್ಲೆಂಡಿನಲ್ಲಿ 1855ರಲ್ಲಿ ಆರಂಭವಾಯಿತು. ಅದಕ್ಕಿಂತ ಹಿಂದಿನ ಕಾಲದಲ್ಲಿ ದೊರೆಯುವ ದಿನಾಂಕ ಸಾಮಾನ್ಯವಾಗಿ ದೀಕ್ಷಾಸ್ನಾನದ್ದು. ಒಂದೇ ಮನೆಯ ಮೂರು ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷೆ ಕೊಡಿಸಿದ ಉದಾಹರಣೆಗಳುಂಟು. ಆ ದಿನಾಂಕವನ್ನು ಜನನದ ಅಂಕಣಕ್ಕೆ ಹಾಕಿದರೆ ಇಲ್ಲದ ಅವಳಿಗಳು ಹುಟ್ಟಿಕೊಳ್ಳುತ್ತಾರೆ.

ಆದುದರಿಂದ ತಂತ್ರಾಂಶವನ್ನು ದಾಖಲೆಗೆ ಒಗ್ಗಿಸುವ ಕೆಲಸವು ಗ್ರಂಥಸಂಪಾದನೆಗೆ ಬಹಳ ಹತ್ತಿರವಾದುದು. ಓಲೆಯಲ್ಲಿರುವ ಪಾಠ ಬೇರೆ, ಸಂಪಾದಕನ ಊಹೆ ಬೇರೆ. ಎರಡಕ್ಕೂ ಪ್ರತ್ಯೇಕ ಸ್ಥಾನವಿರಬೇಕು. ಗ್ರ್ಯಾಂಪ್ಸ್‌ನಂತಹ ಮುಕ್ತ ತಂತ್ರಾಂಶದಲ್ಲಿ ಬಳಕೆದಾರನು ತನಗೆ ಬೇಕಾದ ಘಟನಾಪ್ರಕಾರಗಳನ್ನು ತಾನೇ ಸೇರಿಸಬಹುದು, ಆಕರದ ವಿಶ್ವಾಸಾರ್ಹತೆಯನ್ನು ಗುರುತಿಸಬಹುದು. ಈ ಸೌಲಭ್ಯದ ಬೆಲೆ ತಿಳಿಯುವುದು ಕಾಲಗಣನೆಗೆ ಬಂದಾಗ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಅಧಿಕೃತವಾಗಿ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ದಾಖಲೆಯಲ್ಲಿ 1720ರ ಫೆಬ್ರುವರಿ ಎಂದಿದ್ದರೆ ಇಂದಿನ ಲೆಕ್ಕಕ್ಕೆ ಅದು 1721. ಸ್ಕಾಟ್ಲೆಂಡ್ ಮಾತ್ರ 1600ರಿಂದಲೇ ಜನವರಿ 1ನ್ನು ವರ್ಷಾರಂಭವಾಗಿ ಒಪ್ಪಿಕೊಂಡಿತ್ತು. ಶಾಸನದ ಶಕವರ್ಷವು ಗತವೋ ವರ್ತಮಾನವೋ ಎಂದು ಚರ್ಚಿಸಿದವರಿಗೆ ಇದು ಹೊಸ ಸಮಸ್ಯೆಯಲ್ಲ. 1720/21 ಎಂದು ಎರಡನ್ನೂ ಉಳಿಸಿಕೊಳ್ಳುವುದೇ ಕ್ರಮ.

ಜನಗಣತಿಯಲ್ಲಿಯೂ ಇದೇ ಎಚ್ಚರ ಬೇಕು. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದರು. ಅಲ್ಲಿ 25 ಎಂದಿರುವವನು 29ರವನೂ ಆಗಿರಬಹುದು. ಸರ್ಕಾರಿ ನೋಂದಣಿಯ ಸೂಚಿಯಲ್ಲಿ ಹಳೆಯ ವರ್ಷಗಳಿಗೆ ತ್ರೈಮಾಸಿಕವಷ್ಟೇ ಇರುತ್ತದೆ. ಅದೂ ನೋಂದಣಿಯಾದ ತ್ರೈಮಾಸಿಕ. ಫೆಬ್ರುವರಿ ಕೊನೆಯಲ್ಲಿ ಹುಟ್ಟಿದ ಮಗು ಜೂನ್ ತ್ರೈಮಾಸಿಕದಲ್ಲಿ ಕಾಣಿಸಿಕೊಳ್ಳಬಹುದು. ಇಂತಹ ಕಡೆ ಒಂದು ದಿನಾಂಕಕ್ಕೆ ಬದಲಾಗಿ ಒಂದು ಅವಧಿಯನ್ನು ನಮೂದಿಸುವುದೇ ಪ್ರಾಮಾಣಿಕತೆ.

ಸ್ಥಳಗಳೂ ಸ್ಥಿರವಲ್ಲ. ಆಬಿಂಗ್ಡನ್ ಪಟ್ಟಣವು 1974ರವರೆಗೆ ಬರ್ಕ್‌ಶೈರ್‌ನಲ್ಲಿತ್ತು, ಈಗ ಆಕ್ಸ್‌ಫರ್ಡ್‌ಶೈರ್‌ನಲ್ಲಿದೆ. ಇಂದಿನ ಹೆಸರನ್ನೇ ಎಲ್ಲ ಕಾಲಕ್ಕೂ ಅಂಟಿಸಿದರೆ ಮುಂದಿನ ಶೋಧಕನು ಹಳೆಯ ದಾಖಲೆಗಳನ್ನು ತಪ್ಪು ಕೌಂಟಿಯಲ್ಲಿ ಹುಡುಕುತ್ತಾನೆ. ಬೆಂಗಳೂರು ದಂಡಿನಲ್ಲಿ ಹುಟ್ಟಿದ ಸೈನಿಕನ ಮಗುವಿನ ವಿಷಯವೂ ಹಾಗೆಯೇ. ತಂತ್ರಾಂಶವು ತಾನಾಗಿ ‘ಬೆಂಗಳೂರು, ಕರ್ನಾಟಕ’ ಎಂದು ತುಂಬೀತು. ಆದರೆ ಆ ಚರ್ಚಿನ ದಾಖಲೆಯ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರಾಂತ್ಯದ ಸಂಪುಟಗಳಲ್ಲಿ ದೊರೆಯುತ್ತದೆ.

ಈ ಸಂಪುಟಗಳಲ್ಲಿಯೇ ಅತ್ಯಂತ ಕಠಿಣವಾದ ಅಂಕಣ ಎದುರಾಗುತ್ತದೆ. ಕಂಪನಿಯ ಕಾಲದ ಅನೇಕ ದೀಕ್ಷಾಸ್ನಾನದ ದಾಖಲೆಗಳಲ್ಲಿ ತಂದೆಯ ಹೆಸರು, ಹುದ್ದೆ ಇರುತ್ತವೆ. ತಾಯಿ ಭಾರತೀಯಳಾಗಿದ್ದರೆ ‘ದೇಶೀ ಸ್ತ್ರೀ’ ಎಂಬಷ್ಟು ಮಾತು ಇರುತ್ತದೆ, ಅಥವಾ ಅದೂ ಇರುವುದಿಲ್ಲ. ಇಂಗ್ಲೆಂಡಿನ ಹಳ್ಳಿಗಳ ಪುಸ್ತಕಗಳಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿಯ ಹೆಸರು ಮಾತ್ರ ಇದ್ದು, ತಂದೆಯ ಹೆಸರು ಇಲ್ಲದಿರುವುದು ಸಾಮಾನ್ಯ. ವಂಶವೃಕ್ಷ ಪೂರ್ಣವಾಗಲೆಂದು ಯಾವುದೋ ಹೆಸರನ್ನು ಆ ಜಾಗಕ್ಕೆ ತಂದು ಕೂರಿಸುವ ಆಸೆ ಬಲವಾದುದು. ಅದನ್ನು ತಡೆದು, ದಾಖಲೆ ಬರೆದವನ ಮಾತನ್ನು ಇದ್ದಂತೆಯೇ ಟಿಪ್ಪಣಿಯಲ್ಲಿ ಉಳಿಸಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ, ಅಲ್ಲಿ ಒಬ್ಬ ತಾಯಿ ಇದ್ದಳು, ಅವಳ ಹೆಸರನ್ನು ಬರೆಯಲಿಲ್ಲ ಎಂಬ ಇತಿಹಾಸವಾದರೂ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಿತಿಯಿದೆ. ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸಲು ಬಳಸುವ ಜೆಡ್‌ಕಾಮ್ ಎಂಬ ವಿನ್ಯಾಸವನ್ನು 1984ರಲ್ಲಿ ಅಮೆರಿಕದ ಮಾರ್ಮನ್ ಚರ್ಚ್ ರೂಪಿಸಿತು. ಒಬ್ಬರು ಸ್ವಂತವಾಗಿ ಸೇರಿಸಿದ ಅಂಕಣಗಳನ್ನು ಇನ್ನೊಂದು ತಂತ್ರಾಂಶ ಅರ್ಥ ಮಾಡಿಕೊಳ್ಳದೆ ಕೈಬಿಡಬಹುದು. ಹೀಗಾಗಿ ವಿವೇಕಿಯಾದ ಸಂಶೋಧಕನು ಹೊಸ ಅಂಕಣಗಳನ್ನು ಮಿತವಾಗಿ ಸೃಷ್ಟಿಸುತ್ತಾನೆ, ಮೂಲದ ಮಾತನ್ನು ಆಕರದ ಟಿಪ್ಪಣಿಯಲ್ಲಿ ಸರಳ ಬರಹವಾಗಿಯೂ ಇಡುತ್ತಾನೆ. ನಾಳೆ ಆ ಕಡತವನ್ನು ತೆರೆಯುವವರು ಅವನ ತೀರ್ಮಾನವನ್ನು ಒಪ್ಪದೆ ಹೋಗಬಹುದು. ಅದನ್ನು ಪರೀಕ್ಷಿಸಲು ಬೇಕಾದುದು ಅವರಿಗೆ ಅಲ್ಲಿಯೇ ಸಿಗುತ್ತದೆ.