ಸೀಮೆಸುಣ್ಣದ ಗುಡ್ಡಗಳಲ್ಲಿ ಸೈಕಲ್ ಹಾದಿ

ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಬಿಳಿಯ ಕಡ್ಡಿಯನ್ನು ನಮ್ಮ ಹಿರಿಯರು ಸೀಮೆಸುಣ್ಣವೆಂದು ಕರೆದರು. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆಗಳಂತೆ ಇದೂ ಹೊರನಾಡಿನಿಂದ ಬಂದ ಪದಾರ್ಥವೆಂಬುದನ್ನು ಹೆಸರೇ ಸಾರುತ್ತದೆ. ಈಗ ಅಂಗಡಿಗಳಲ್ಲಿ ದೊರೆಯುವ ಕಡ್ಡಿಗಳು ಬಹುಮಟ್ಟಿಗೆ ಜಿಪ್ಸಮ್ಮಿನವು. ನಿಜವಾದ ಸೀಮೆಸುಣ್ಣವನ್ನು ಕಣ್ತುಂಬ ಕಾಣಬೇಕೆಂದರೆ ಇಂಗ್ಲೆಂಡಿನ ದಕ್ಷಿಣ ಭಾಗಕ್ಕೆ ಹೋಗಬೇಕು. ಅಲ್ಲಿ ಗುಡ್ಡಗಳೇ ಸೀಮೆಸುಣ್ಣದವು. ನೇಗಿಲು ತಾಗಿದ ಹೊಲವೂ ಬಿಳಿ, ಮಳೆ ಕೊರೆದ ದಾರಿಯೂ ಬಿಳಿ.

ಆ ಗುಡ್ಡಸಾಲಿಗೆ ಸೌತ್ ಡೌನ್ಸ್ ಎಂದು ಹೆಸರು. ‘ಡೌನ್’ ಎಂದೊಡನೆ ಇಳಿಜಾರೆಂದು ತಿಳಿಯಬಾರದು. ಹಳೆಯ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಗುಡ್ಡವೆಂದೇ ಅರ್ಥ. ವಿಂಚೆಸ್ಟರ್ ಪಟ್ಟಣದಿಂದ ಕಡಲ ತಡಿಯ ಈಸ್ಟ್‌ಬೋರ್ನ್‌ವರೆಗೆ ಈ ಸಾಲಿನ ನೆತ್ತಿಯ ಮೇಲೆಯೇ ಸುಮಾರು 160 ಕಿಲೋಮೀಟರ್ ಉದ್ದದ ಹಾದಿಯೊಂದಿದೆ. ಅದೇ ಸೌತ್ ಡೌನ್ಸ್ ವೇ. 1972ರಲ್ಲಿ ಇದರ ಪೂರ್ವಭಾಗವನ್ನು ರಾಷ್ಟ್ರೀಯ ಹಾದಿಯೆಂದು ತೆರೆದರು. ವಿಂಚೆಸ್ಟರಿನವರೆಗೆ ಬೆಳೆದದ್ದು ತರುವಾಯ. ಅಲ್ಲಿ ನೆಲೆಸಿರುವ ಭಕ್ತರೊಬ್ಬರ ಮನೆಯಲ್ಲಿ ಕೆಲವು ದಿನ ತಂಗಿದ್ದಾಗ ನಾವು ಈ ಹಾದಿಯ ನಾಲ್ಕಾರು ತುಂಡುಗಳನ್ನು ನಡೆದು ನೋಡಿದೆವು. ನಡೆದದ್ದು ನಾವು ಮತ್ತು ಮನೆಯ ಯಜಮಾನರು. ಅವರ ಮಗ, ಹದಿನಾರರ ಹುಡುಗ, ದಪ್ಪ ಟೈರಿನ ಬೆಟ್ಟದ ಸೈಕಲ್ಲನ್ನೇರಿ ಮುಂದೆ ಹೋಗುವನು, ಮರಳಿ ಬರುವನು, ಮತ್ತೆ ಹೋಗುವನು.

ಈ ಸೈಕಲ್ಲಿನ ಬಳಕೆ ಬೆಳೆದು ಬಂದದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಟಮಾಲ್ಪೈಸ್ ಎಂಬ ಬೆಟ್ಟದ ಮಣ್ಣುದಾರಿಗಳಲ್ಲಿ ಹಳೆಯ ಭಾರಿ ಸೈಕಲ್ಲುಗಳನ್ನು ಇಳಿಸುತ್ತಿದ್ದ ಯುವಕರ ಆಟವದು. ಇಂಗ್ಲೆಂಡಿಗೆ ಅದು ಬರುವ ಮೊದಲೇ ಅದಕ್ಕೊಂದು ಹಕ್ಕು ಸಿದ್ಧವಾಗಿ ಕಾದಿತ್ತೆಂಬುದು ಸೋಜಿಗ. ಆ ದೇಶದಲ್ಲಿ ಹೊಲ ಒಬ್ಬನದು, ಹೊಲದೊಳಗಿನ ದಾರಿ ಎಲ್ಲರದು. ಒಡೆಯನು ಬೇಲಿ ಹಾಕಬಹುದು, ಆದರೆ ದಾರಿಗೆ ಬಾಗಿಲಿಡಬೇಕು. ಇಂತಹ ಸಾರ್ವಜನಿಕ ದಾರಿಗಳಲ್ಲಿ ಕಾಲುದಾರಿಗೆ ಹಳದಿ ಬಾಣದ ಗುರುತು. ಅಲ್ಲಿ ಸೈಕಲ್ಲಿಗೆ ಹಕ್ಕಿಲ್ಲ. ಬ್ರೈಡಲ್‌ವೇ ಎಂಬ ಕುದುರೆದಾರಿಗೆ ನೀಲಿ ಬಾಣ. 1968ರ ಗ್ರಾಮಾಂತರ ಕಾಯಿದೆಯು ಕುದುರೆದಾರಿಯಲ್ಲಿ ಸೈಕಲ್ಲಿಗೂ ಅವಕಾಶ ಕೊಟ್ಟಿತು. ಜೊತೆಗೆ ಒಂದು ಕಟ್ಟನ್ನೂ ಹಾಕಿತು. ನಡೆಯುವವರಿಗೂ ಕುದುರೆಯವರಿಗೂ ಸೈಕಲ್ಲಿನವರು ದಾರಿ ಬಿಡತಕ್ಕದ್ದು. ಕಾಯಿದೆ ಬರೆದವರ ಕಣ್ಣಮುಂದೆ ಇದ್ದದ್ದು ಮೆಲ್ಲಗೆ ತುಳಿಯುತ್ತ ಸಾಗುವ ಸವಾರರೇ ಹೊರತು, ಕಡಿದಾದ ಇಳಿಜಾರಿನಲ್ಲಿ ಹಾರಿಬರುವವರಲ್ಲ. ಇಂದಿಗೂ ಆ ದೇಶದ ಸಾರ್ವಜನಿಕ ಹಾದಿಗಳಲ್ಲಿ ಸೈಕಲ್ಲಿಗೆ ತೆರೆದಿರುವುದು ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ.

ಕಟ್ಟು ಬರಿಯ ಕಾಗದದ ಮೇಲಿನದೋ ಎಂಬ ಸಂಶಯ ನಮಗಿತ್ತು. ಬಟ್ಸರ್ ಗುಡ್ಡದ ಆಚೆ ಕ್ವೀನ್ ಎಲಿಜಬೆತ್ ಹೆಸರಿನ ವನವಿದೆ. ಬೀಚ್ ಮರಗಳ ದಟ್ಟವಾದ ಕಾಡು. ಅಲ್ಲೊಂದು ಇಕ್ಕಟ್ಟಿನ ತಿರುವಿನಲ್ಲಿ ಹುಡುಗನು ಇಳಿದು ಬರುತ್ತಿದ್ದಂತೆ ಎದುರಿಗೆ ವೃದ್ಧೆಯೊಬ್ಬರು ಕುದುರೆಯ ಮೇಲೆ ಬಂದರು. ಕುದುರೆ ಕಿವಿ ನಿಮಿರಿಸಿ ಅಡ್ಡ ಸರಿಯಿತು. ತಂದೆಯ ಮುಖ ಬಿಳಿಚಿತು. ಹುಡುಗನು ಬ್ರೇಕು ಹಿಡಿದು ದಾರಿಯ ಬದಿಗೆ ಸರಿದು ನಿಂತವನೇ ಗಟ್ಟಿಯಾಗಿ ಮಾತನಾಡತೊಡಗಿದನು: ಹವೆ ಚೆನ್ನಾಗಿದೆಯಲ್ಲವೇ, ನಿಮ್ಮ ಕುದುರೆಯ ಹೆಸರೇನು, ಹೀಗೆ. ಆಕೆ ನಗುತ್ತ ಉತ್ತರ ಕೊಟ್ಟು ದಾಟಿ ಹೋದರು. ನಮಗೆ ಇದು ಅಧಿಕ ಪ್ರಸಂಗವೆನಿಸಿತು. ಆಮೇಲೆ ಅವನೇ ಬಿಡಿಸಿ ಹೇಳಿದನು: “ಅಜ್ಜಾರೆ, ಸೈಕಲ್ಲು ಸದ್ದಿಲ್ಲದೆ ಬರ್ತದಲ್ಲ, ಕುದುರೆಗೆ ಅದು ಬೇಟೆಯ ಪ್ರಾಣಿ ಇದ್ದಂಗೆ. ಮನುಷ್ಯರ ದನಿ ಕೇಳಿದ್ರ ಅದಕ್ಕೆ ಧೈರ್ಯ.” ಹುಟ್ಟಿ ಬೆಳೆದದ್ದು ಅಲ್ಲಿಯೇ ಆದರೂ ಮನೆಯ ಮಾತು ಅವನಲ್ಲಿ ಉಳಿದಿದೆ. ದಾರಿ ಬಿಡುವುದನ್ನು ಅವನಿಗೆ ಕಲಿಸಿದವರು ತಾಯಿಯೋ ಆ ನಾಡೋ ಎಂದು ನಾವು ಕೇಳಲಿಲ್ಲ.

ಇನ್ನು ಆ ಬಿಳಿಯ ನೆಲದ ವಿಚಾರ. ಸುಮಾರು 10 ಕೋಟಿ ವರ್ಷಗಳಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ ಆ ಪ್ರದೇಶವೆಲ್ಲ ಬೆಚ್ಚಗಿನ ಸಮುದ್ರವಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಚಿಪ್ಪುಗಳು ತಳಕ್ಕಿಳಿದು, ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಂತೆ ಸಂಚಯಗೊಂಡು, ನೂರಾರು ಮೀಟರ್ ದಪ್ಪದ ಶಿಲೆಯಾದವು. 1868ರಲ್ಲಿ ಥಾಮಸ್ ಹಕ್ಸ್‌ಲಿಯು ನಾರ್ವಿಚ್ ಪಟ್ಟಣದ ಕೂಲಿಕಾರರೆದುರು ನಿಂತು ಒಂದು ತುಂಡು ಸೀಮೆಸುಣ್ಣವನ್ನೇ ವಿಷಯವಾಗಿಸಿಕೊಂಡು ಭೂಮಿಯ ಚರಿತ್ರೆಯನ್ನು ಉಪನ್ಯಸಿಸಿದನು. ಪಂಡಿತರ ಸಭೆಯಲ್ಲದೆ ದುಡಿಯುವವರ ಸಭೆಯನ್ನು ಆರಿಸಿಕೊಂಡದ್ದು ನಮಗೆ ಮೆಚ್ಚುಗೆಯಾದ ಸಂಗತಿ.

ಈ ಶಿಲೆ ಸವಾರನಿಗೆ ಎರಡು ಮುಖ ತೋರಿಸುತ್ತದೆ. ಬೇಸಗೆಯಲ್ಲಿ ಒಣಗಿದಾಗ ಗಾರೆ ಬಳಿದ ನೆಲದಂತೆ ಗಟ್ಟಿ. ಮೇಲೆ ಒಂದು ಹನಿ ಬಿದ್ದರೆ ಸಾಬೂನು. ಮರದ ನೆರಳಿನಲ್ಲಂತೂ ಪಾಚಿ ಹಿಡಿದು ಹಸಿರಾದ ಸುಣ್ಣದ ಮೇಲೆ ಎಂಥ ಟೈರೂ ನಿಲ್ಲದು. ಬೀಚ್ ಎಲೆಗಳ ಹಾಸಿನ ಕೆಳಗೆ ಬೇರುಗಳು ಅಡಗಿರುತ್ತವೆ. ಸುಣ್ಣದ ನಡುವೆ ಫ್ಲಿಂಟ್ ಎಂಬ ಕರಿಯ ಚಕಮಕಿ ಕಲ್ಲಿನ ಗಂಟುಗಳುಂಟು. ಒಡೆದರೆ ಅದರ ಅಂಚು ಕತ್ತಿ. ಶಿಲಾಯುಗದವರು ಸಿಸ್‌ಬರಿಯಂತಹ ಕಡೆ ಗಣಿ ತೋಡಿ ಇದನ್ನು ತೆಗೆದು ಕೊಡಲಿ ಮಾಡಿಕೊಂಡರು. ಅದೇ ಕಲ್ಲು ಈಗ ಟೈರನ್ನು ಸೀಳುತ್ತದೆ. ಹುಡುಗನ ಚೀಲದಲ್ಲಿ ಬುತ್ತಿಗಿಂತ ಪಂಕ್ಚರಿನ ಸಾಮಾನೇ ಹೆಚ್ಚಿತ್ತು.

ನೀರು ನಿಲ್ಲದ ನೆಲವಾದುದರಿಂದ ಗುಡ್ಡದ ನೆತ್ತಿಯಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಕುರಿಗಳಿಗಾಗಿ ಕುರುಬರು ಜೇಡಿಮಣ್ಣು ತುಳಿದು ಕಟ್ಟಿದ ದುಂಡನೆಯ ಹೊಂಡಗಳು ಅಲ್ಲಲ್ಲಿ ಉಳಿದಿವೆ. ಕುರಿಗಳು ಶತಮಾನಗಳಿಂದ ಮೇದು ಮೇದು ಸಾಕಿದ ಹುಲ್ಲುಗಾವಲು ಇಲ್ಲಿನ ದೊಡ್ಡ ಆಸ್ತಿ. ಚೆನ್ನಾಗಿ ಉಳಿದ ಕಡೆ ಒಂದು ಚದರ ಮೀಟರಿನಲ್ಲಿ 40ರಷ್ಟು ಜಾತಿಯ ಗಿಡಗಳನ್ನು ಎಣಿಸಬಹುದು. ಅಡೋನಿಸ್ ಬ್ಲೂ ಎಂಬ ನೀಲಿ ಚಿಟ್ಟೆಯ ಮರಿಹುಳು ಇಲ್ಲಿನ ಒಂದೇ ಒಂದು ಬಳ್ಳಿಯನ್ನು ತಿಂದು ಬದುಕುತ್ತದೆ. ಎರಡನೆಯ ಮಹಾಯುದ್ಧದ ಕಾಲದಿಂದ ಧಾನ್ಯಕ್ಕಾಗಿ ಉತ್ತು ಹಾಕಿದ್ದರಿಂದ ಈ ಹುಲ್ಲುಗಾವಲು ಬಹುಪಾಲು ಅಳಿಯಿತು. 2010ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಉಳಿದುದಕ್ಕೆ ಕಾವಲು ಬಿಗಿಯಾಗಿದೆ. ಹಸಿಯಾದ ದಾರಿಯ ಕೆಸರು ತಪ್ಪಿಸಲೆಂದು ಸವಾರರು ಪಕ್ಕದ ಹುಲ್ಲಿನ ಮೇಲೆ ಹೊರಳಿದರೆ ದಾರಿ ವರ್ಷವರ್ಷಕ್ಕೆ ಅಗಲವಾಗುತ್ತದೆ, ಸವೆದಲ್ಲಿ ಮಳೆನೀರು ಕಾಲುವೆ ಕೊರೆಯುತ್ತದೆ. ನೇಗಿಲು ಮಾಡಿದ ಹಾನಿಯ ಮುಂದೆ ಗಾಲಿಯದು ಅಲ್ಪವೇ. ಆದರೆ ಉಳಿದದ್ದೇ ಅಲ್ಪವಾಗಿರುವಾಗ ಆ ವಾದ ನಿಲ್ಲದು.

ಹಾದಿಗಳಿಗೆ ಬೇರೊಂದು ಕಡೆಯಿಂದಲೂ ಆಪತ್ತು ಬಂದಿತ್ತು. ಎಷ್ಟೋ ಹಳೆಯ ಬಂಡಿದಾರಿ, ಕುದುರೆದಾರಿಗಳು ಜನರ ನೆನಪಿನಲ್ಲಿವೆ, ಸರ್ಕಾರದ ನಕ್ಷೆಯಲ್ಲಿಲ್ಲ. 2000ದ ಕಾಯಿದೆಯೊಂದು ಅವನ್ನು ದಾಖಲಿಸಲು 2026ರ ಗಡುವು ಹಾಕಿತು. ಮುಂದೆ ಅದು 2031ಕ್ಕೆ ಸರಿಯಿತು. ಗಡುವು ಮೀರಿದರೆ ಹಕ್ಕು ಹೋದಂತೆಯೇ. ಹಳ್ಳಿಯ ವೃದ್ಧರು, ಕುದುರೆಯವರು, ನಡೆಯುವವರು, ಸೈಕಲ್ಲಿನವರು ದಫ್ತರಖಾನೆಗಳಲ್ಲಿ ಕುಳಿತು ಇನ್ನೂರು ವರ್ಷದ ನಕ್ಷೆಗಳನ್ನು ಶೋಧಿಸತೊಡಗಿದರು. 2024ರ ಡಿಸೆಂಬರಿನಲ್ಲಿ ಸರ್ಕಾರವು ಗಡುವನ್ನೇ ರದ್ದುಪಡಿಸುವುದಾಗಿ ಘೋಷಿಸಿತು. ಹಾದಿಯ ಮೇಲೆ ಒಬ್ಬರನ್ನೊಬ್ಬರು ಗೊಣಗುವವರು ನಕ್ಷೆಯ ಮುಂದೆ ಒಂದಾದರೆಂಬುದು ಈ ವ್ಯಾಜ್ಯದಲ್ಲಿ ನಾವು ಕಂಡ ಸೊಗಸು.

ಆಲ್ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ ಹಾದಿ ಎರಡಾಗುತ್ತದೆ. ನಡೆಯುವವರದು ಬಲಕ್ಕೆ ಹೊರಳಿ ಹೊಳೆಯ ಗುಂಟ ಕಡಲಿಗಿಳಿದು, ಸೆವೆನ್ ಸಿಸ್ಟರ್ಸ್ ಎಂಬ ಏಳು ಬಿಳಿಯ ಕಡಿಬಂಡೆಗಳ ಮೇಲೆ ಏರಿಳಿದು ಸಾಗುತ್ತದೆ, ಅದು ಕಾಲುದಾರಿ. ಕುದುರೆ, ಸೈಕಲ್ಲುಗಳದು ಎಡಕ್ಕೆ, ವಿಂಡೋವರ್ ಗುಡ್ಡವನ್ನೇರಿ ಜೆವಿಂಗ್ಟನ್ ಹಳ್ಳಿಯ ಮೇಲೆ. ಆ ಕಡಿಬಂಡೆಗಳ ಮೇಲೆ ಸಾಗುವ ಭಾಗ್ಯ ಸವಾರರಿಗಿಲ್ಲ. ಹುಡುಗನು ನೀಲಿ ಬಾಣ ಹಿಡಿದು ಹೋದನು. ನಾವಿಬ್ಬರು ಹಳದಿಯದನ್ನು ಹಿಡಿದೆವು. ಸಂಜೆ ಈಸ್ಟ್‌ಬೋರ್ನಿನಲ್ಲಿ ಕೂಡಿದಾಗ ಅವನ ಮುಂಗಾಲುಗಳು ಸುಣ್ಣ ಬಳಿದಂತಿದ್ದವು, ಟೈರು ಎರಡು ಸಲ ಒಡೆದಿತ್ತು, ಮತ್ತು ಮರುವಾರ ಎತ್ತ ಹೋಗುವುದೆಂಬ ಮಾತು ಆಗಲೇ ಆರಂಭವಾಗಿತ್ತು.