ಬೆಳಕಿಗೆ ಬಾಗಿಲು, ಬಿಸಿಲಿಗೆ ಅಗುಳಿ

ಮೈಸೂರಿನ ಅರಮನೆಯನ್ನು ನೋಡಹೋಗುವವರು ಸಾಮಾನ್ಯವಾಗಿ ಚಿನ್ನದ ಅಂಬಾರಿಯನ್ನು ಕೇಳುತ್ತಾರೆ, ದರ್ಬಾರು ಸಭಾಂಗಣವನ್ನು ಅರಸುತ್ತಾರೆ. ಆದರೆ ಕಲ್ಯಾಣಮಂಟಪದ ಹೊಸ್ತಿಲನ್ನು ದಾಟಿದೊಡನೆ ಮಾತು ತಾನಾಗಿಯೇ ನಿಲ್ಲುತ್ತದೆ. ಮಕ್ಕಳಾದಿಯಾಗಿ ಎಲ್ಲರ ಮುಖವೂ ಮೇಲಕ್ಕೆ ತಿರುಗುತ್ತದೆ. ಎಂಟು ಮೂಲೆಯ ಆ ಮಂಟಪದ ನೆತ್ತಿಯಲ್ಲಿ ಬಣ್ಣಬಣ್ಣದ ಗಾಜಿನ ಛಾವಣಿ. ನವಿಲುಗಳು, ಹೂಗಳು, ಬಳ್ಳಿಗಳು ಚಿತ್ರಿತವಾದ ಆ ಗಾಜಿನ ಹಾಸಿನಿಂದ ಸೋಸಿಬಂದ ಬೆಳಕು ಕೆಳಗಿನ ನೆಲಹಂಚಿನ ಮೇಲೆ ಮೆಲ್ಲನೆ ಹರಡಿಕೊಂಡಿರುತ್ತದೆ. ಹೊರಗೆ ಅಂಗಳದಲ್ಲಿ ಕಣ್ಣು ಕುಕ್ಕುತ್ತಿದ್ದ ಬಿಸಿಲೇ ಇಲ್ಲಿ ಇಷ್ಟು ಸೌಮ್ಯವಾಗಿದೆಯೆಂದರೆ ನಂಬುವುದು ಕಷ್ಟ.

ಈ ಗಾಜಿನ ವೈಭವದ ಹಿಂದೆ ಒಂದು ದುರಂತವಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಅದು ಬಹುಮಟ್ಟಿಗೆ ಮರದ ಕಟ್ಟಡ. ಹೊಸ ಅರಮನೆಯ ನಕ್ಷೆಯನ್ನು ರಚಿಸಿದವರು ಸಿಮ್ಲಾದ ವೈಸರಾಯ್ ನಿವಾಸವನ್ನೂ ರೂಪಿಸಿದ್ದ ಹೆನ್ರಿ ಇರ್ವಿನ್. 1912ರಲ್ಲಿ ಪೂರ್ಣಗೊಂಡ ಈ ಕಟ್ಟಡದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಮತ್ತು ಗಾಜುಗಳು ಮುಂದೆ ಬಂದವು. ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳೂ ಬಣ್ಣದ ಗಾಜೂ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಿಂದ ಹಡಗೇರಿ ಬಂದವು. ಒಂದು ಮಂಗಳಕಾರ್ಯದಲ್ಲಿ ಹೊತ್ತಿಕೊಂಡ ಬೆಂಕಿಯ ಬಳಿಕ, ಮಂಗಳಕಾರ್ಯಗಳಿಗೆಂದೇ ಕಟ್ಟಿದ ಮಂಟಪದ ಛಾವಣಿಗೆ ಉರಿಯದ ವಸ್ತುಗಳೇ ಒದಗಿದವು.

ಬಣ್ಣ ಗಾಜಿನೊಳಗೆ ಹೇಗೆ ಸೇರುತ್ತದೆ?

ಗಾಜಿನ ಮೂಲದ್ರವ್ಯಗಳು ಬಹು ಸಾಮಾನ್ಯವಾದವು: ಶುದ್ಧ ಮರಳು, ಸೋಡಾ ಮತ್ತು ಸುಣ್ಣಕಲ್ಲು. ಇವನ್ನು ಕುಲುಮೆಯಲ್ಲಿ ಕರಗಿಸಿದರೆ ಕಿಟಕಿಯ ಗಾಜು. ಕರಗಿದ ಪಾಕಕ್ಕೆ ಕೋಬಾಲ್ಟ್ ಲವಣವನ್ನು ಬೆರೆಸಿದರೆ ಕಡುನೀಲಿ, ಕಬ್ಬಿಣದಿಂದ ಹಸುರು, ಮ್ಯಾಂಗನೀಸಿನಿಂದ ನೇರಳೆ, ಅತ್ಯಲ್ಪ ಪ್ರಮಾಣದ ಚಿನ್ನದಿಂದ ಮಾಣಿಕ್ಯದ ಕೆಂಪು. ಬಣ್ಣವು ಗಾಜಿನ ಮೈಮೇಲೆ ಬಳಿದದ್ದಲ್ಲ, ಒಡಲಿನಲ್ಲೇ ಬೆರೆತದ್ದು. ಆದ್ದರಿಂದಲೇ ನೂರಾರು ವರ್ಷ ಬಿಸಿಲು ಬಿದ್ದರೂ ಅದು ಮಾಸುವುದಿಲ್ಲ. ಇಂಥ ಬೇರೆಬೇರೆ ಬಣ್ಣದ ತುಂಡುಗಳನ್ನು ಚಿತ್ರಕ್ಕೆ ತಕ್ಕಂತೆ ಕತ್ತರಿಸಿ, ಸೀಸದ ಸಣ್ಣ ಪಟ್ಟಿಗಳ ನಡುವೆ ಸಿಕ್ಕಿಸಿ ಬೆಸೆಯುವುದು ಯೂರೋಪಿನ ಹಳೆಯ ಪದ್ಧತಿ. ನಮ್ಮ ಕಣ್ಣಿಗೆ ಚಿತ್ರದ ಕಪ್ಪು ಗೆರೆಯಾಗಿ ಕಾಣುವುದು ಆ ಸೀಸವೇ.

ಮೈಸೂರಿನಲ್ಲಿಯೇ ಈ ಕಲೆಯ ಇನ್ನೊಂದು ಮುಖವನ್ನು ಕಾಣಬೇಕಾದರೆ ಸಂತ ಫಿಲೋಮಿನಾ ಚರ್ಚಿಗೆ ಹೋಗಬೇಕು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದಕ್ಕೆ ಶಂಕುಸ್ಥಾಪನೆ ಮಾಡಿದರು. ಸುಮಾರು 175 ಅಡಿ ಎತ್ತರದ ಅವಳಿ ಗೋಪುರಗಳನ್ನು ಹೊರಗಿನಿಂದ ನೋಡಿ ಹಿಂದಿರುಗುವವರು ಅರ್ಧವನ್ನು ಮಾತ್ರ ನೋಡಿದಂತಾಗುತ್ತದೆ. ಒಳಗಿನ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಗೇರಿಸಿದ ಪ್ರಸಂಗ, ಪುನರುತ್ಥಾನ ಮೊದಲಾದ ದೃಶ್ಯಗಳಿವೆ. ಹೊರಗಿನಿಂದ ಅವು ಕಪ್ಪಿಟ್ಟ ಗಾಜುಗಳಷ್ಟೇ. ಒಳಗೆ ನಿಂತು ನೋಡಿದರೆ ಕಥೆಯೆಲ್ಲ ಬೆಳಕಾಗಿ ಹೊಳೆಯುತ್ತದೆ. ಅಕ್ಷರ ಬಾರದವರಿಗೂ ಓದಲು ಬರುವ ಪುಸ್ತಕವೆಂದು ಯೂರೋಪಿನಲ್ಲಿ ಇಂಥ ಕಿಟಕಿಗಳನ್ನು ಭಾವಿಸುತ್ತಿದ್ದುದರಲ್ಲಿ ಅಚ್ಚರಿಯೇನೂ ಇಲ್ಲ.

ಒಂದು ಹೆಂಚಿನ ಸೂರ್ಯ

ಅರಮನೆಯ ಗಾಜು ಅರಸರಿಗಾಯಿತು, ಚರ್ಚಿನ ಗಾಜು ದೇವರಿಗಾಯಿತು. ಬಡವರ ಮನೆಯ ಗಾಜೊಂದನ್ನು ಇಲ್ಲಿ ನೆನೆಯದಿದ್ದರೆ ನ್ಯಾಯವಾಗದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹೆಂಚು ನಾಡೆಲ್ಲ ಹರಡಿತು. ಆ ಹೆಂಚಿನದೇ ಅಳತೆಯಲ್ಲಿ, ಅದೇ ಕಚ್ಚು ಅದೇ ಏಣುಗಳೊಂದಿಗೆ ಅಚ್ಚೊತ್ತಿದ ಗಾಜಿನ ಹೆಂಚನ್ನು ಬಲ್ಲವರು ಬಲ್ಲರು. ಕಿಟಕಿಯಿಲ್ಲದ ಅಡುಗೆಮನೆ, ನಡುಮನೆ, ಬಚ್ಚಲುಗಳ ಮಾಡಿನಲ್ಲಿ ಮಣ್ಣಿನ ಹೆಂಚೊಂದನ್ನು ತೆಗೆದು ಇದನ್ನು ಕೂರಿಸಿದರೆ ಸಾಕು, ಹಗಲೆಲ್ಲ ದೀಪದ ಹಂಗಿಲ್ಲ. ಮಾಡಿನಿಂದಿಳಿದ ಬಿಸಿಲುಕೋಲು ನೆಲದ ಮೇಲೆ ಸರಿಯುವುದನ್ನು ನೋಡಿ ಅಡುಗೆಗೆ ಹೊತ್ತಾಯಿತೆಂದು ತಿಳಿಯುತ್ತಿದ್ದ ಅಜ್ಜಿಯರು ನಮ್ಮ ಮಲೆನಾಡಿನಲ್ಲೂ ಕರಾವಳಿಯಲ್ಲೂ ಎಷ್ಟು ಮಂದಿ! ಮಾಡು ತುಂಬ ಗಾಜಿನ ಹೆಂಚನ್ನೇ ಹೊದಿಸಲು ಮಾತ್ರ ಅವರಲ್ಲಿ ಯಾರೂ ಹೋಗಲಿಲ್ಲ. ಬೆಳಕು ಎಷ್ಟು ಬೇಕು, ಬಿಸಿಲು ಎಷ್ಟು ಸಾಕು ಎಂಬ ಲೆಕ್ಕ ಅವರಿಗೆ ತಿಳಿದಿತ್ತು.

ಲಾಲ್‌ಬಾಗಿನ ಗಾಜಿನ ಮನೆ

ಮೈಸೂರಿನಿಂದ ಬೆಂಗಳೂರಿಗೆ ಬಂದವರಿಗೆ ಗಾಜಿನ ಇನ್ನೊಂದು ಅಧ್ಯಾಯ ಲಾಲ್‌ಬಾಗಿನಲ್ಲಿ ಕಾದಿರುತ್ತದೆ. 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದರ ಅಸ್ತಿಭಾರದ ಕಲ್ಲನ್ನಿಟ್ಟರು. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರನ್. ಇದರ ಕಬ್ಬಿಣವೂ ಬಂದುದು ಗ್ಲಾಸ್ಗೋದಿಂದಲೇ. ಇದಕ್ಕೆ ಸ್ಫೂರ್ತಿ ಲಂಡನ್ನಿನ ಸ್ಫಟಿಕ ಸೌಧ, ಎಂದರೆ ಕ್ರಿಸ್ಟಲ್ ಪ್ಯಾಲೇಸ್. 1851ರ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ರೂಪಿಸಿದ ಆ ಸೌಧಕ್ಕೆ ಸುಮಾರು 3 ಲಕ್ಷ ಗಾಜಿನ ಹಲಗೆಗಳು ಬೇಕಾದವು. ಆ ಕಾಲದಲ್ಲಿ ಕುಶಲಕರ್ಮಿಯೊಬ್ಬ ಕೊಳವೆಯಿಂದ ಊದಿ ಗಾಜನ್ನು ಉದ್ದನೆಯ ಉರುಳೆಯಾಗಿ ಮಾಡಬೇಕು. ಅದರ ಎರಡು ತುದಿಗಳನ್ನು ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಕಾಯಿಸಿ ಚಪ್ಪಟೆಯಾಗಿ ಹರಡಬೇಕು. ಮನುಷ್ಯನ ಉಸಿರಿನಿಂದ ಹುಟ್ಟಿದ ಹಲಗೆಗಳು ಅವು! ಲಂಡನ್ನಿನ ಆ ಸೌಧ 1936ರಲ್ಲಿ ಸುಟ್ಟುಹೋಯಿತು. ಅದು ಸುಟ್ಟ ದಿನವೂ ನವೆಂಬರ್ 30 ಎಂಬುದು ವಿಚಿತ್ರವಾದ ಕಾಕತಾಳೀಯ. ತಾಯಿ ಅಳಿದರೂ ಮಗಳು ಲಾಲ್‌ಬಾಗಿನಲ್ಲಿ ಉಳಿದಿದ್ದಾಳೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಹೂವಿನ ಪ್ರದರ್ಶನಗಳಿಗೆ ನೆರಳಾಗಿದ್ದಾಳೆ.

ಈ ಮನೆಯ ಗುಟ್ಟನ್ನು ತಿಳಿಯಬೇಕಾದರೆ ಗಾಜಿನ ಒಂದು ಸ್ವಭಾವವನ್ನು ಅರಿಯಬೇಕು. ಸೂರ್ಯನ ಬೆಳಕನ್ನು ಗಾಜು ಸುಲಭವಾಗಿ ಒಳಕ್ಕೆ ಬಿಡುತ್ತದೆ. ಆ ಬೆಳಕಿನಿಂದ ಕಾದ ನೆಲ, ಗೋಡೆ, ಪೀಠೋಪಕರಣಗಳು ಹೊರಸೂಸುವ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಚಳಿದೇಶಗಳಲ್ಲಿ ಉಷ್ಣವಲಯದ ಸಸಿಗಳನ್ನು ಸಾಕಲು ಇದು ವರ. ನಮ್ಮ ದೇಶದಲ್ಲಿ ಅದೇ ಶಾಪವಾಗಬಹುದು. ಲಾಲ್‌ಬಾಗಿನ ಮನೆಗೆ ಮೇಲೆ ಗಾಜಿದ್ದರೂ ಕೆಳಗೆ ಕಮಾನುಗಳ ನಡುವೆ ಗಾಳಿಯಾಡಲು ಧಾರಾಳವಾದ ತೆರವಿದೆ, ಸುತ್ತಲೂ ಮರಗಳ ತಂಪಿದೆ.

ಗಾಜಿನ ಗೋಪುರಗಳ ನಗರ

ಲಾಲ್‌ಬಾಗಿನಿಂದ ಹೊರಟು ನಗರದ ಹೊರವರ್ತುಲ ರಸ್ತೆಯತ್ತಲೋ ವೈಟ್‌ಫೀಲ್ಡಿನತ್ತಲೋ ಸಾಗಿದರೆ ಗೋಡೆಯೆಂಬುದೇ ಇಲ್ಲವೇನೋ ಎನಿಸುವ ಕಟ್ಟಡಗಳ ಸಾಲು ಎದುರಾಗುತ್ತದೆ. ಆಕಾಶವೂ ಮೋಡವೂ ಎದುರುಮನೆಯ ನೀರಿನ ತೊಟ್ಟಿಯೂ ಅವುಗಳ ಮೈಯಲ್ಲಿ ಪ್ರತಿಬಿಂಬಿಸುತ್ತವೆ. ಇವಕ್ಕೆ ದಾರಿ ಮಾಡಿಕೊಟ್ಟದ್ದು 1959ರಲ್ಲಿ ಇಂಗ್ಲೆಂಡಿನ ಅಲಿಸ್ಟರ್ ಪಿಲ್ಕಿಂಗ್ಟನ್ ಲೋಕಕ್ಕೆ ತಿಳಿಸಿದ ಹೊಸ ವಿಧಾನ. ಕರಗಿದ ತವರದ ಕೊಳದ ಮೇಲೆ ಕರಗಿದ ಗಾಜನ್ನು ಹರಿಯಬಿಟ್ಟರೆ, ಹಾಲಿನ ಮೇಲಿನ ಕೆನೆಯಂತೆ ಅದು ತಾನಾಗಿ ಸಮತಟ್ಟಾಗಿ ತೇಲುತ್ತದೆ. ಉಜ್ಜುವ, ಹೊಳಪು ಕೊಡುವ ಶ್ರಮವಿಲ್ಲ. ‘ಫ್ಲೋಟ್’ ಗಾಜೆಂದು ಅಂಗಡಿಯವರು ಹೇಳುವುದು ಇದನ್ನೇ.

ಗಾಜು ಅಗ್ಗವಾದುದು ಸಂತೋಷದ ಸಂಗತಿ. ಆದರೆ ಚಳಿದೇಶದ ಉಡುಪನ್ನು ಬಿಸಿಲನಾಡಿನ ಕಟ್ಟಡಕ್ಕೆ ತೊಡಿಸಿದರೆ ಅದರ ಬೆಲೆಯನ್ನು ತೆರುವವರು ಯಾರು? ಪಡುವಣ ದಿಕ್ಕಿಗೆ ಬರಿಯ ಗಾಜನ್ನಿಟ್ಟ ಕೋಣೆ ಸಂಜೆಯ ವೇಳೆಗೆ ಒಲೆಯಾಗುತ್ತದೆ. ಅದನ್ನು ತಣಿಸಲು ಹವಾನಿಯಂತ್ರಣ ಯಂತ್ರ. ಕಣ್ಣಿಗೆ ಚುಚ್ಚುವ ಬೆಳಕನ್ನು ತಡೆಯಲು ಪರದೆ. ಪರದೆ ಎಳೆದ ಮೇಲೆ ನಡುಹಗಲಲ್ಲಿ ವಿದ್ಯುದ್ದೀಪ! ಇದನ್ನು ಮನಗಂಡೇ ನಮ್ಮ ದೇಶದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು 2017ರಲ್ಲಿ, ಅದರ ಸರಳ ಮಾರ್ಗವನ್ನು ಅನುಸರಿಸುವ ಕಟ್ಟಡಗಳ ಹೊರಗೋಡೆಯಲ್ಲಿ ಗಾಜಿನ ಪಾಲು ಶೇಕಡಾ 40ನ್ನು ಮೀರಬಾರದೆಂದು ಗೊತ್ತುಮಾಡಿತು. ವಿಜ್ಞಾನಿಗಳೂ ಸುಮ್ಮನಿರಲಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವಿರುವ ಗಾಜು ಬೆಳಕನ್ನು ಒಳಗೆ ಬಿಟ್ಟು ಶಾಖದ ಬಹುಭಾಗವನ್ನು ಹಿಂದಿರುಗಿಸುತ್ತದೆ. ಎರಡು ಹಲಗೆಗಳ ನಡುವೆ ಗಾಳಿಯನ್ನು ಬಂಧಿಸಿದ ಜೋಡಿಗಾಜು ಶಾಖದ ಸಂಚಾರವನ್ನು ತಗ್ಗಿಸುತ್ತದೆ. ಆದರೂ ಕಿಟಕಿಯ ಮೇಲಿನ ಒಂದು ಸಜ್ಜಾ ಮಾಡುವ ಉಪಕಾರವನ್ನು ಯಾವ ಲೇಪವೂ ಪೂರ್ತಿಯಾಗಿ ಮಾಡಲಾರದು. ಏಕೆಂದರೆ ಸಜ್ಜಾ ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯುತ್ತದೆ.

ಇನ್ನೂ ಗಂಭೀರವಾದ ಪ್ರಶ್ನೆ ಜೀವದ್ದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಬೆಂಕಿಯೆದ್ದು ಹೊಗೆ ತುಂಬಿಕೊಂಡಿತು. ಒಳಗೆ ಸಿಕ್ಕಿಬಿದ್ದವರು ಉಸಿರಿಗಾಗಿ ಗಾಜುಗಳನ್ನು ಒಡೆದರು. ಕೆಲವರು ದಿಕ್ಕುಗಾಣದೆ ಕೆಳಗೆ ಹಾರಿದರು. 9 ಮಂದಿ ಅಸುನೀಗಿದರು. ಗಾಜು ತಾನು ಉರಿಯುವುದಿಲ್ಲ, ನಿಜ. ಆದರೆ ತೆರೆಯಲು ಬಾರದ ಗಾಜಿನ ಗೋಡೆ ಹೊಗೆಗೆ ಮುಚ್ಚಳವಾಗುತ್ತದೆ. ಬೆಳಕು ಬರುವ ಕಿಟಕಿಯಿಂದ ಗಾಳಿಯೂ ಬರಬೇಕು. ಹೊರಹೋಗುವ ದಾರಿ ಸದಾ ತೆರವಾಗಿರಬೇಕು. ಮಗನೋ ಮಗಳೋ ಇಂಥ ಕಟ್ಟಡದಲ್ಲಿ ಕೆಲಸಕ್ಕಿದ್ದರೆ ತುರ್ತು ಮೆಟ್ಟಿಲು ಎಲ್ಲಿದೆಯೆಂದು ಒಮ್ಮೆ ಕೇಳಿ ನೋಡಿ. ಅವರಿಗೆ ತಿಳಿಯದಿದ್ದರೆ ಮರುದಿನವೇ ಹುಡುಕಿಕೊಳ್ಳಲಿ.

ನಮ್ಮ ಮನೆಗೆ ಯಾವ ಗಾಜು?

ಮನೆ ಕಟ್ಟಿಸುವವರಿಗೆ ಈ ಸಂಚಾರದಿಂದ ದೊರೆಯುವ ಫಲವನ್ನೂ ಹೇಳಿಬಿಡುತ್ತೇನೆ. ಒಂದು ಚದರ ಮೀಟರು ಅಗಲದ, 6 ಮಿಲಿಮೀಟರು ದಪ್ಪದ ಗಾಜು 15 ಕಿಲೋ ತೂಗುತ್ತದೆ. ಸಾಮಾನ್ಯ ಗಾಜು ಒಡೆದರೆ ಅಷ್ಟೂ ತೂಕ ಕತ್ತಿಯಂಥ ಚೂರುಗಳಾಗಿ ಬೀಳುತ್ತದೆ. ಆದ್ದರಿಂದ ಮಕ್ಕಳು ಓಡಾಡುವ ಬಾಗಿಲು, ಸ್ನಾನಗೃಹದ ಅಡ್ಡಗೋಡೆಗಳಿಗೆ ‘ಟಫನ್ಡ್’ ಗಾಜು ಲೇಸು. 600 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಾಗಿ ಕಾಯಿಸಿ, ತಣ್ಣನೆಯ ಗಾಳಿಯನ್ನು ರಭಸದಿಂದ ಬೀಸಿ ಹದಗೊಳಿಸಿದ ಇದು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಾಲು ಗಟ್ಟಿ. ಒಡೆದರೂ ಕಲ್ಲುಸಕ್ಕರೆಯಂಥ ಮೊಂಡು ಹರಳುಗಳಾಗುತ್ತದೆ. ಹದಗೊಳಿಸಿದ ಮೇಲೆ ಕತ್ತರಿಸಲು, ತೂತು ಕೊರೆಯಲು ಬಾರದು. ಆದ್ದರಿಂದ ಅಳತೆಯನ್ನು ಮೊದಲೇ ಎರಡು ಬಾರಿ ನೋಡಿಕೊಳ್ಳಬೇಕು.

ತಲೆಯ ಮೇಲಿನ ಬೆಳಕಿಂಡಿಗೂ ಮಹಡಿಯ ಕಟಾಂಜನಕ್ಕೂ ‘ಲ್ಯಾಮಿನೇಟೆಡ್’ ಗಾಜು ಬೇಕು. ಎರಡು ಹಲಗೆಗಳ ನಡುವೆ ಪಾರದರ್ಶಕ ಪೊರೆಯನ್ನಿಟ್ಟು ಅಂಟಿಸಿದ ಇದು ಬಿರುಕುಬಿಟ್ಟರೂ ಚೂರುಗಳು ಪೊರೆಗೆ ಕಚ್ಚಿಕೊಂಡಿರುತ್ತವೆ, ತಲೆಯ ಮೇಲೆ ಬೀಳವು. ತಂತಿಯ ಬಲೆ ಹುದುಗಿಸಿದ ಗಾಜು ಬೆಂಕಿಯ ಕಾವಿಗೆ ಸೀಳಿದರೂ ಚೌಕಟ್ಟಿನಲ್ಲಿ ನಿಲ್ಲುತ್ತದೆ. ಆದರೆ ತಂತಿಯಿದೆಯೆಂದು ಅದು ಹೆಚ್ಚು ಗಟ್ಟಿಯೆಂದು ಭಾವಿಸಬಾರದು. ಬಚ್ಚಲಿನ ಕಿಟಕಿಗೆ ಹೂವಿನ ಅಚ್ಚಿನ ಗಾಜೋ ಮಂಜುಗಾಜೋ ಸಾಕು. ಮಂಜುಗಾಜಿನ ತರಿಯಾದ ಮುಖಕ್ಕೆ ನೀರು ತಾಗಿದರೆ ಅದು ಪಾರದರ್ಶಕವಾಗತೊಡಗುತ್ತದೆ. ಆದ್ದರಿಂದ ನಯವಾದ ಮುಖವನ್ನೇ ನೀರಿನ ಕಡೆಗೆ ಇಡತಕ್ಕದ್ದು.

ಬಡಗಣಕ್ಕೆ ದೊಡ್ಡ ಕಿಟಕಿ, ಪಡುವಣಕ್ಕೆ ಚಿಕ್ಕದು, ಎರಡಕ್ಕೂ ಸಜ್ಜಾ: ಇಷ್ಟನ್ನು ನಕ್ಷೆಯಲ್ಲೇ ಗೊತ್ತುಮಾಡಿಕೊಂಡರೆ ದುಬಾರಿ ಗಾಜಿನ ಅರ್ಧ ಖರ್ಚು ಉಳಿಯುತ್ತದೆ. ಉಳಿದ ಹಣದಲ್ಲಿ ಮನೆಮಂದಿಯೆಲ್ಲ ಒಮ್ಮೆ ಮೈಸೂರಿಗೆ ಹೋಗಿಬರಬಹುದು. ಕಲ್ಯಾಣಮಂಟಪದಲ್ಲಿ ನವಿಲುಗಳನ್ನು ಎಣಿಸುವ ಕೆಲಸ ಮಕ್ಕಳಿಗಿರಲಿ.