ಸಿಗರೇಟು ಪೊಟ್ಟಣದ ಚಿತ್ರಗಳಿಗೆ ನ್ಯೂಯಾರ್ಕಿನಲ್ಲೊಂದು ಮನೆ

ಮಗಳ ಬಾಣಂತನಕ್ಕೋ ಸೊಸೆಯ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿಬರುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ನೀವೂ ಹೋದರೆ, ನ್ಯೂಯಾರ್ಕಿನಲ್ಲಿ ಒಂದು ದಿನ ಬಿಡುವು ಸಿಕ್ಕರೆ, ಮೆಟ್ರೋಪಾಲಿಟನ್ ಕಲಾ ಸಂಗ್ರಹಾಲಯವನ್ನು ತಪ್ಪದೆ ನೋಡಿ. ನೆಲದಡಿಯ ರೈಲಿನಲ್ಲಿ ಹೋಗಿ 86ನೇ ಬೀದಿಯ ನಿಲ್ದಾಣದಲ್ಲಿಳಿದು, ಸೆಂಟ್ರಲ್ ಪಾರ್ಕಿನ ಕಡೆಗೆ ಸ್ವಲ್ಪ ದೂರ ನಡೆದರೆ ಅದರ ಭಾರಿ ಮೆಟ್ಟಿಲುಗಳು ಎದುರಾಗುತ್ತವೆ.

ಈಜಿಪ್ಟಿನ ಒಂದು ದೇವಾಲಯವನ್ನೇ ತಂದು ಅಲ್ಲಿ ನಿಲ್ಲಿಸಿದ್ದಾರೆ. ಅದೇ ಸಂಗ್ರಹಾಲಯದಲ್ಲಿ, ಒಂದು ಕಾಲಕ್ಕೆ ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ ಪುಟ್ಟ ಚಿತ್ರಗಳಿಗೂ ಜಾಗ ಸಿಕ್ಕಿದೆ! "ಅಯ್ಯೋ, ಕಸಕ್ಕೆ ಹೋಗೋದಲ್ವೇ ಅದು?" ಅಂತೀರಾ? ಕೇಳಿ.

1880ರ ಸುಮಾರಿಗೆ ಸಿಗರೇಟುಗಳು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದವು. ಅವು ನಜ್ಜುಗುಜ್ಜಾಗದಿರಲಿ ಎಂದು ಒಳಗೊಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದರು. ಬರೀ ರಟ್ಟೇಕೆ ಎಂದು ಅದರ ಮೇಲೆ ನಟಿಯರು, ಹಕ್ಕಿಗಳು, ಬಾವುಟಗಳು, ಆಟಗಾರರು, ಹೀಗೆ ಚಿತ್ರಗಳನ್ನು ಮುದ್ರಿಸತೊಡಗಿದರು. ನಮಗೆ ಕ್ರಿಕೆಟ್ ಇದ್ದಂತೆ ಅವರಿಗೆ ಬೇಸ್‌ಬಾಲ್. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಐನೂರಕ್ಕೂ ಹೆಚ್ಚು ಬಗೆಯ ಬೇಸ್‌ಬಾಲ್ ಕಾರ್ಡುಗಳನ್ನು ಹಂಚಿತು. ಒಂದೂವರೆ ಅಂಗುಲ ಅಗಲದ ಕಾರ್ಡು. ಮುಂದೆ ಆಟಗಾರ, ಹಿಂದೆ 'ಪೀಡ್ಮಾಂಟ್', 'ಸ್ವೀಟ್ ಕ್ಯಾಪೊರಲ್' ಎಂಬಂಥ ಸಿಗರೇಟಿನ ಹೆಸರು. ನಮ್ಮ ಬೆಂಕಿಪೆಟ್ಟಿಗೆಯ ಹಾಗೆ ಒಳಗಿನ ಗೂಡು ಜಾರುವ ಪೊಟ್ಟಣಗಳೂ ಇದ್ದವು. ಸೇದಿ ಮುಗಿಸಿದವರು ಪೊಟ್ಟಣವನ್ನು ಬಿಸಾಡಿ, ಚಿತ್ರವನ್ನು ಮಕ್ಕಳ ಕೈಗೆ ಕೊಟ್ಟರು. ಹಾಗಾಗಿ ಖಾಲಿ ಪೊಟ್ಟಣಕ್ಕೂ ಈಗ ಹುಡುಕಾಟ.

ಗಮನಿಸಬೇಕಾದ್ದು ಇಲ್ಲೇ. ಚಿತ್ರದ ಆಸೆ ಮಕ್ಕಳಿಗೆ, ವ್ಯಾಪಾರ ಹೊಗೆಸೊಪ್ಪಿನದು. ಹೋನಸ್ ವ್ಯಾಗ್ನರ್ ಎಂಬ ಹೆಸರಾಂತ ಆಟಗಾರ ತನ್ನ ಕಾರ್ಡನ್ನು ನಿಲ್ಲಿಸಿಬಿಟ್ಟ. ತನ್ನ ಚಿತ್ರಕ್ಕಾಗಿ ಹುಡುಗರು ಸಿಗರೇಟು ಕೊಳ್ಳಬಾರದು ಎಂಬುದು ಅವನ ಕಾರಣವಂತೆ. ಹಣದ ವಿಷಯಕ್ಕೆ ಎನ್ನುವವರೂ ಉಂಟು. ಏನೇ ಇರಲಿ, ಅಷ್ಟರಲ್ಲಿ ಹೊರಬಿದ್ದಿದ್ದ ಕೆಲವೇ ಕಾರ್ಡುಗಳಿಗೆ ಈಗ ಚಿನ್ನಕ್ಕಿಂತ ಹೆಚ್ಚಿನ ಬೆಲೆ. 2022ರಲ್ಲಿ ಒಂದು ಕಾರ್ಡು 72 ಲಕ್ಷ 50 ಸಾವಿರ ಡಾಲರಿಗೆ, ಅಂದರೆ 57 ಕೋಟಿ ರೂಪಾಯಿಗೂ ಮಿಕ್ಕಿ, ಮಾರಾಟವಾಯಿತು!

ಸಂಗ್ರಹಾಲಯದ ಕಾರ್ಡುಗಳನ್ನು ಕೂಡಿಟ್ಟಾತ ಸಿರಿವಂತನೇನಲ್ಲ. ಹೆಸರು ಜೆಫರ್ಸನ್ ಬರ್ಡಿಕ್, ಸಿರಾಕ್ಯೂಸ್ ಊರಿನವ, ವಿದ್ಯುತ್ ಸಾಮಾನಿನ ಕಾರ್ಖಾನೆಯ ಕೆಲಸಗಾರ. ಮದುವೆಯಿಲ್ಲ, ಮೈಯ ಕೀಲುಕೀಲಿಗೂ ಸಂಧಿವಾತ. ಕೂಡಿಟ್ಟ 3 ಲಕ್ಷಕ್ಕೂ ಹೆಚ್ಚು ಚಿತ್ರ, ಕಾರ್ಡು, ಕಾಗದಗಳನ್ನು 1947ರಿಂದ ಸಂಗ್ರಹಾಲಯಕ್ಕೆ ಕೊಡತೊಡಗಿದ. ಅದರಲ್ಲಿ ಬೇಸ್‌ಬಾಲಿನವೇ 30 ಸಾವಿರಕ್ಕೂ ಹೆಚ್ಚು. ಬೆರಳು ಬಗ್ಗದ ಕೈಯಲ್ಲೇ ವರ್ಷಗಟ್ಟಲೆ ಕೂತು, ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿನಲ್ಲಿ ಆತ ತೀರಿಕೊಂಡ. ಕೀಲುನೋವಿನಲ್ಲೂ ರೊಟ್ಟಿ ತಟ್ಟುವ ನಮಗೆ ಆ ಕೈಗಳ ಕಷ್ಟ ಬೇರೆ ಹೇಳಬೇಕೇ?

ಬೆಳಕಿಗೆ ಬಣ್ಣ ಮಾಸುವುದರಿಂದ ಕಾರ್ಡುಗಳನ್ನು ಸರದಿಯ ಮೇಲೆ ಕೆಲವಷ್ಟೇ ತೋರಿಸುತ್ತಾರೆ. ಹೊರಡುವ ಮುನ್ನ ಮಕ್ಕಳ ಕೈಲಿ ವಿಚಾರಿಸಿ ಹೋಗಿ.

ನಿಮ್ಮ ಮನೆಯ ಹುಡುಗರೂ ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ ಕೂಡಿಡುತ್ತಿದ್ದರೆ "ಕಸ" ಎಂದು ಗುಡಿಸಬೇಡಿ. ಆದರೆ ಗೋಂದು ಹಚ್ಚಲು ಬಿಡಬೇಡಿ. ಬರ್ಡಿಕ್ ಅಂಟಿಸಿದ ಕಾರ್ಡುಗಳ ಹಿಂಬದಿ ನೋಡಲು ಸಿಗುವುದಿಲ್ಲ. ಫೋಟೋ ಆಲ್ಬಮ್ಮಿನ ಕಾಗದದ ಮೂಲೆಗಳಲ್ಲಿ ಸಿಕ್ಕಿಸಿದರೆ ಸಾಕು. ಬಿಸಿಲು, ತೇವ ತಾಗದ ಕಡೆ ಇಡಿ. ಜೊತೆಗೆ, ಯಾವ ಚಿತ್ರ ಯಾವ ಸಾಮಾನು ಮಾರಲು ಹುಟ್ಟಿತು ಎಂಬುದನ್ನೂ ಮಕ್ಕಳಿಗೆ ತಿಳಿಸಿ ಹೇಳಿ.